ವಿನ್‌ಸ್ಟನ್ ಸ್ಮಿತ್‌ನ ಕೆಲಸ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ,

ನಿನ್ನ ಪತ್ರ ಬಂದು ಹತ್ತು ದಿನಗಳಾದವು. ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯನ್ನು ಕೈದಿಯನ್ನು ಅವನ ಅತಿದೊಡ್ಡ ಭಯದ ಮುಂದೆ ನಿಲ್ಲಿಸುವ 101ನೆಯ ಕೋಣೆಯವರೆಗೆ ಓದಿ, ಇಲಿಗಳ ಪಂಜರ ಕಂಡೊಡನೆ ಮುಚ್ಚಿಟ್ಟೆನೆಂದು ಬರೆದಿದ್ದೀಯೆ. ಮನುಷ್ಯನ ಮೇಲಿನ ನಂಬಿಕೆಯನ್ನೇ ಕಿತ್ತುಕೊಳ್ಳುವ ಈ ಪುಸ್ತಕವನ್ನು ನಾನು ಮೂರನೆಯ ಸಲ ಏಕೆ ಓದುತ್ತಿದ್ದೇನೆಂದು ಕೇಳಿದ್ದೀಯೆ. ಅವಸರದಲ್ಲಿ ಉತ್ತರಿಸುವ ಪ್ರಶ್ನೆ ಅದಲ್ಲವಾದ್ದರಿಂದ ಪುಸ್ತಕವನ್ನು ಓದಿ ಮುಗಿಸಿಯೇ ಬರೆಯಲು ಕುಳಿತಿದ್ದೇನೆ.

ಕಾಲೇಜಿನ ದಿನಗಳಲ್ಲಿ ಮೊದಲ ಸಲ ಓದಿದಾಗ ನನಗೂ ನಿನ್ನಂತೆಯೇ ಆಗಿತ್ತು. ಗೋಡೆಯ ಮೇಲಿದ್ದು ಹಗಲಿರುಳೂ ನೋಡುವ ಟೆಲಿಸ್ಕ್ರೀನ್, ತಂದೆಯ ಮೇಲೆ ದೂರು ಕೊಡುವ ಮಗಳು, ಕೊನೆಯ ಭಾಗದ ಚಿತ್ರಹಿಂಸೆ, ಇವೇ ನನ್ನ ನಿದ್ದೆ ಕೆಡಿಸಿದ್ದವು. ಆದರೆ ಇಪ್ಪತ್ತು ವರ್ಷ ಕರಡು ತಿದ್ದುವ ಕೆಲಸ ಮಾಡಿದ ಮೇಲೆ ಈ ಸಲ ಓದುವಾಗ ನಾನು ಬೆಚ್ಚಿದ್ದು ಮೊದಲ ಭಾಗದ ನಾಲ್ಕನೆಯ ಅಧ್ಯಾಯದಲ್ಲಿ. ಅಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಒಬ್ಬ ಮನುಷ್ಯ ಮೇಜಿನ ಮುಂದೆ ಕುಳಿತು ತನ್ನ ಪಾಲಿನ ಕೆಲಸ ಮಾಡುತ್ತಾನೆ, ಅಷ್ಟೆ.

ನಿನಗೆ ನೆನಪಿರಬಹುದು, ಕಥಾನಾಯಕ ವಿನ್‌ಸ್ಟನ್ ಸತ್ಯ ಸಚಿವಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದುವವನು. ದೇಶವನ್ನಾಳುವ ಪಕ್ಷದ ಮುಖಂಡನು ಅಂದು ಹೇಳಿದ ಭವಿಷ್ಯ ಇಂದು ಸುಳ್ಳಾಗಿದ್ದರೆ ಅಂದಿನ ಸಂಚಿಕೆಯನ್ನೇ ತಿದ್ದಿ ಮರುಮುದ್ರಿಸಿ ಕಡತಕ್ಕೆ ಸೇರಿಸುತ್ತಾರೆ, ಮೂಲ ಪ್ರತಿ ಕುಲುಮೆಯ ಪಾಲಾಗುತ್ತದೆ. ಪಕ್ಷದ ಕಣ್ಣಿಗೆ ಬೇಡವಾದವನೊಬ್ಬನನ್ನು ಹೊಗಳಿದ್ದ ಭಾಷಣವನ್ನು ತೆಗೆದು, ಆ ಜಾಗಕ್ಕೆ ವಿನ್‌ಸ್ಟನ್ ಕಾಮ್ರೇಡ್ ಒಗಿಲ್ವಿ ಎಂಬ, ಎಂದೂ ಬದುಕಿರದ ವೀರನೊಬ್ಬನನ್ನು ಸೃಷ್ಟಿಸುತ್ತಾನೆ. ಅವನಿಗೊಂದು ಪದಕವನ್ನೂ ಕೊಡಲೇ ಎಂದು ಯೋಚಿಸಿ, ಹಾಗೆ ಮಾಡಿದರೆ ಬೇರೆ ಕಡತಗಳಲ್ಲೆಲ್ಲ ಅದಕ್ಕೆ ತಕ್ಕ ಉಲ್ಲೇಖಗಳನ್ನು ಸೇರಿಸಬೇಕಾದೀತೆಂದು ಕೈಬಿಡುತ್ತಾನೆ. ಈ ಲೆಕ್ಕಾಚಾರ ನನಗೆ ಎಷ್ಟು ಪರಿಚಿತವೆಂದರೆ, ಒಂದು ಹೆಸರು ಬದಲಾದರೆ ಪರಿವಿಡಿ, ಅಡಿಬರಹ, ಸೂಚಿ ಎಲ್ಲವನ್ನೂ ಮತ್ತೆ ನೋಡಬೇಕಾಗುವ ಸಂಕಟವನ್ನು ನಾನು ವಾರಕ್ಕೊಮ್ಮೆಯಾದರೂ ಅನುಭವಿಸುತ್ತೇನೆ. ವಿನ್‌ಸ್ಟನ್‌ಗೆ ಬದುಕಿನಲ್ಲಿ ದೊರೆಯುವ ಅತಿದೊಡ್ಡ ಸಂತೋಷ ಈ ಕೆಲಸದ್ದೇ ಎಂದು ಆರ್ವೆಲ್ ಸ್ಪಷ್ಟವಾಗಿ ಹೇಳುತ್ತಾನೆ. ಹಿಂದಿನ ಎರಡು ಓದುಗಳಲ್ಲಿ ಆ ಮಾತು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಿನಗೆ ಈವರೆಗೆ ಹೇಳದ ಸಂಗತಿಯೊಂದಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸ್ಮರಣ ಸಂಚಿಕೆಯ ಮರುಮುದ್ರಣ ನನ್ನ ಕೈಗೆ ಬಂದಿತ್ತು. ಆ ಸಂಸ್ಥೆಯನ್ನು ಕಟ್ಟಲು ದುಡಿದು, ಅನಂತರ ಭಿನ್ನಾಭಿಪ್ರಾಯದಿಂದ ಹೊರನಡೆದಿದ್ದ ಹಿರಿಯರೊಬ್ಬರ ಹೆಸರನ್ನು ಎಲ್ಲ ಕಡೆಯಿಂದಲೂ ತೆಗೆಯಬೇಕೆಂಬ ಸೂಚನೆ ಅದರ ಜೊತೆಗಿತ್ತು. ತೆಗೆದೆ. ಎಲ್ಲಿಯೂ ಖಾಲಿ ಜಾಗ ಉಳಿಯದಂತೆ, ವಾಕ್ಯದ ಓಟ ಕೆಡದಂತೆ, ಗುಂಪುಚಿತ್ರದ ಅಡಿಬರಹದಲ್ಲಿ ಎಡದಿಂದ ಮೂರನೆಯವರು ಯಾರೆಂಬ ಪ್ರಶ್ನೆಯೇ ಏಳದಂತೆ ತೆಗೆದೆ. ಆ ಸಂಜೆ ಮನೆಗೆ ನಡೆದು ಬರುವಾಗ ನನಗಿದ್ದದ್ದು ಪಶ್ಚಾತ್ತಾಪವಲ್ಲ, ಕೆಲಸ ಅಚ್ಚುಕಟ್ಟಾಯಿತೆಂಬ ತೃಪ್ತಿ. ಈ ಪುಸ್ತಕ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತೃಪ್ತಿಯ ಬಳಿ. ಇಲಿಗಳ ಮುಂದೆ ಯಾರು ಕುಸಿದರೂ ನಾನು ಅವರನ್ನು ದೂರಲಾರೆ. ಆದರೆ ನಾಲ್ಕನೆಯ ಅಧ್ಯಾಯದ ವಿನ್‌ಸ್ಟನ್‌ನ ಎದುರು ಇಲಿಗಳಿರಲಿಲ್ಲ, ನನ್ನೆದುರೂ ಇರಲಿಲ್ಲ.

ಬರೆದವನಿಗೇ ಭರವಸೆ ಇರಲಿಲ್ಲವೆಂಬ ನಿನ್ನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1948ರಲ್ಲಿ ಸ್ಕಾಟ್ಲೆಂಡಿನ ಜೂರಾ ದ್ವೀಪದಲ್ಲಿ, ಕ್ಷಯರೋಗದಿಂದ ಬಳಲುತ್ತಿದ್ದಾಗಲೂ ಆತ ಇಡೀ ಹಸ್ತಪ್ರತಿಯನ್ನು ತಾನೇ ಬೆರಳಚ್ಚು ಮಾಡಿದ. ಪುಸ್ತಕ 1949ರ ಜೂನ್‌ನಲ್ಲಿ ಹೊರಬಂತು, ಮರುವರ್ಷದ ಜನವರಿಯಲ್ಲಿ ಆತ ತೀರಿಕೊಂಡ. ಕೊನೆಯ ಅನುಬಂಧವನ್ನು ಕೈಬಿಡಬೇಕೆಂದು ಅಮೆರಿಕದ ಪುಸ್ತಕ ಕ್ಲಬ್ಬೊಂದು ಕೇಳಿದಾಗ, ದೊಡ್ಡ ಮೊತ್ತ ಕೈತಪ್ಪಬಹುದೆಂದು ತಿಳಿದಿದ್ದರೂ ಒಪ್ಪಲಿಲ್ಲ. ನೀನಿನ್ನೂ ಓದದ ಆ ಅನುಬಂಧದಲ್ಲಿ ಪಕ್ಷದ ನುಡಿಯಾದ ನ್ಯೂಸ್ಪೀಕ್‌ನ ವಿವರಣೆಯೆಲ್ಲ ಭೂತಕಾಲದಲ್ಲಿದೆ. ಪಕ್ಷ ಅಳಿಯಿತೆಂದು ಅಷ್ಟರಿಂದಲೇ ಹೇಳಲಾರೆ. ಆದರೂ ಆ 'ಆಗಿತ್ತು'ಗಳನ್ನು ಓದುವಾಗ ನನ್ನ ಉಸಿರು ತುಸು ಸಡಿಲಗೊಂಡದ್ದು ನಿಜ.

ವಿನ್‌ಸ್ಟನ್‌ನ ಕೈಗೆ ಒಮ್ಮೆ ಪಕ್ಷದ ಸುಳ್ಳನ್ನು ತೋರಿಸುವ ಪತ್ರಿಕೆಯ ತುಣುಕೊಂದು ಸಿಕ್ಕಿರುತ್ತದೆ. ಹತ್ತು ನಿಮಿಷ ಇಟ್ಟುಕೊಂಡು, ಹೆದರಿ, ಅದನ್ನು ತಾನೇ ಕುಲುಮೆಯ ಕಂಡಿಗೆ ಹಾಕುತ್ತಾನೆ. ಆ ಸ್ಮರಣ ಸಂಚಿಕೆಯ ಮೊದಲ ಮುದ್ರಣದ ಪ್ರತಿ ನನ್ನ ಕಪಾಟಿನಲ್ಲಿ ಈಗಲೂ ಇದೆ. ಹಿರಿಯರು ಬದುಕಿದ್ದಾರೆ, ನಿಮ್ಮ ಊರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮುಂದಿನ ಭಾನುವಾರ ಅದನ್ನು ಹಿಡಿದುಕೊಂಡು ಬರುತ್ತೇನೆ. ಅವರ ಮನೆಯವರೆಗೆ ನೀನೂ ನನ್ನ ಜೊತೆ ಬರಬೇಕು. ಒಬ್ಬನೇ ಹೋಗಿ ಬಾಗಿಲು ತಟ್ಟಲು ನನಗೆ ಇನ್ನೂ ಧೈರ್ಯ ಸಾಲುತ್ತಿಲ್ಲ.

ಇಂತು,
ನಿನ್ನ ಗೆಳೆಯ