ಹೊಸದಾಗಿ ಮೆಷಿನ್ ಎಂಬ್ರಾಯ್ಡರಿ ಶುರು ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ. ಹೊಸ ಮೆಷಿನ್ ಬಂದ ಖುಷಿಯಲ್ಲಿ ನೇರವಾಗಿ ಒಳ್ಳೆಯ ಬಟ್ಟೆಗೆ ಕೈ ಹಾಕಬೇಡಿ. ಮೊದಲು ಕಾಟನ್ ತುಂಡು ಸಾಕು.

ಬಟ್ಟೆ ಸುಕ್ಕಾಗುತ್ತಿದೆ ಎಂದು ತುಂಬಾ ಜನ ಕೇಳುತ್ತಿದ್ದೀರಿ. ಪಾಪ, ಮೆಷಿನ್ನನ್ನು ಬೈಯಬೇಡಿ, ಮೊದಲು ಸ್ಟೆಬಿಲೈಜರ್ (ಬಟ್ಟೆಯ ಅಡಿಗೆ ಆಧಾರವಾಗಿ ಇಡುವ ಹಾಳೆ) ನೋಡಿ. ಟೀ ಶರ್ಟ್‌ನಂಥ ಹಿಗ್ಗುವ ಬಟ್ಟೆಗೆ ಕಟ್-ಅವೇ (ಹೊಲಿದ ಮೇಲೆ ಸುತ್ತಲಿನದನ್ನು ಕತ್ತರಿಸುವ ಹಾಳೆ) ಬೇಕು. ಗಟ್ಟಿ ನೇಯ್ಗೆಯ ಕಾಟನ್‌ಗೆ ಟೇರ್-ಅವೇ (ಕೈಯಲ್ಲೇ ಹರಿದು ತೆಗೆಯುವ ಹಾಳೆ) ನಡೆಯುತ್ತದೆ. ಹೂಪ್‌ನಲ್ಲಿ (ಬಟ್ಟೆ ಹಿಡಿದಿಡುವ ಚೌಕಟ್ಟು) ಬಟ್ಟೆ ಬಿಗಿಯಾಗಿರಲಿ, ಆದರೆ ಸ್ಕ್ರೂ ಬಿಗಿ ಮಾಡಿದ ಮೇಲೆ ಎಳೆಯಬೇಡಿ. ಎಳೆದ ಬಟ್ಟೆ ಹೂಪ್ ಬಿಚ್ಚಿದ ತಕ್ಷಣ ಕುಗ್ಗಿ, ಹೂವಿನ ಸುತ್ತ ನೆರಿಗೆ ಬೀಳುತ್ತದೆ.

75/11 ಸೈಜಿನ ಎಂಬ್ರಾಯ್ಡರಿ ಸೂಜಿ, 40 ವೇಟ್ ದಪ್ಪದ ಪಾಲಿಯೆಸ್ಟರ್ ದಾರ, ಶುರುವಿಗೆ ಇಷ್ಟು ಸಾಕು. ಸ್ಯಾಟಿನ್ ಹೊಲಿಗೆಯನ್ನು (ಒತ್ತೊತ್ತಾಗಿ ಅಡ್ಡಡ್ಡ ಹೊಲಿದ ಪಟ್ಟಿ) ಮಗುಚಿ ನೋಡಿ. ನಡುವೆ ಮೂರನೇ ಒಂದು ಭಾಗ ಬಾಬಿನ್ ದಾರ (ಮೆಷಿನ್‌ನ ಕೆಳಗಿನ ಉರುಳೆಯ ದಾರ), ಎರಡೂ ಪಕ್ಕ ಮೇಲಿನ ದಾರ ಕಂಡರೆ ಟೆನ್ಷನ್ (ದಾರದ ಬಿಗಿತ) ಸರಿಯಿದೆ. ಹಿಂಭಾಗದಲ್ಲಿ ದಾರ ಗಂಟುಗಂಟಾದರೆ ಬಾಬಿನ್ ಬಿಚ್ಚುವ ಮೊದಲು ಮೇಲಿನ ದಾರ ತೆಗೆದು, ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಎತ್ತಿಕೊಂಡು ಮತ್ತೆ ಪೋಣಿಸಿ. ಬಹಳಷ್ಟು ಸಲ ಅಲ್ಲಿಗೇ ಸರಿಹೋಗುತ್ತದೆ.

ಡಿಸೈನ್ ಫೈಲ್ ಬ್ರದರ್ ಕಂಪನಿಯ ಮೆಷಿನ್‌ಗೆ ಪಿಇಎಸ್ (PES), ಜಾನೋಮ್ ಕಂಪನಿಯದಕ್ಕೆ ಜೆಇಎಫ್ (JEF) ಫಾರ್ಮ್ಯಾಟ್‌ನಲ್ಲಿರಬೇಕು. ಸುಮ್ನೆ ಫೋಟೋ ಹಾಕಿದರೆ ಮೆಷಿನ್ ಹೊಲಿಯುವುದಿಲ್ಲ.

ಇನ್ನು ಮುಂದೆ ಸಮಸ್ಯೆ ಕೇಳುವಾಗ ಬಟ್ಟೆಯ ಹಿಂಭಾಗದ ಫೋಟೋನೂ ಹಾಕಿ, ಪ್ಲೀಸ್.