ಮೇಯರ್ ಅವರೇ, ನಮ್ಮ ಚಾವಣಿಗಳನ್ನು ಗೋಡೆಗೆ ಗಟ್ಟಿಯಾಗಿ ಕಟ್ಟಿಸಿ

ಅಮೆರಿಕದ ಟೆಕ್ಸಾಸ್‌ನಲ್ಲಿ ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಊರಿನ ಮೇಯರ್ ಅವರಿಗೆ,

ನಮಸ್ಕಾರ. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇಲ್ಲಿ ಮನೆ ಕೊಳ್ಳುತ್ತಿರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ವೈರ್ ಎಳೆಯೋಕೆ ಅಟ್ಟ ಹತ್ತಿದ್ದೆ. ಟಾರ್ಚ್ ಹಾಕಿ ನೋಡಿದರೆ ಒಂದು ಪಕಾಸಿನ (ಚಾವಣಿ ಹೊರುವ ಓರೆ ಮರದ) ಪಕ್ಕದಲ್ಲಿ ಆರು ಮೊಳೆಗಳು ಸಾಲಾಗಿ ಗಾಳಿಯಲ್ಲಿ ಚಾಚಿಕೊಂಡಿದ್ದವು. ಮೇಲಿನ ಹಲಗೆ ತೂರಿ ಬಂದಿವೆ, ಪಕಾಸಿನ ಮರಕ್ಕೆ ಮಾತ್ರ ತಗುಲಿಲ್ಲ. ತುದಿಗಳಲ್ಲಿ ಮಂಜು ಹೆಪ್ಪುಗಟ್ಟಿತ್ತು. ಅಲ್ಲಿ ಹಲಗೆ ಸುಮ್ನೆ ಕೂತಿದೆ ಅಂತಾಯಿತು. ಸೂರಿನಂಚಿಗೆ ತೆವಳಿ ನೋಡಿದೆ. ಪಕಾಸು ಗೋಡೆಯ ಮೇಲೆ ಕೂರುವ ಕಡೆ ಓರೆಯಾಗಿ ಹೊಡೆದ ಮೂರು ಮೊಳೆ, ಅಷ್ಟೇ. ಅದರಲ್ಲೊಂದು ಮರವನ್ನೇ ಸೀಳಿತ್ತು.

ನಾನು ಶಿವಮೊಗ್ಗದ ಸಾಗರದ ಕಡೆಯವನು. ಅಲ್ಲಿ ಜಂಬಿಟ್ಟಿಗೆ ಗೋಡೆಯ ಭಾರವೇ ಮನೆಯನ್ನು ಹಿಡಿದಿಡುತ್ತದೆ. ಅಮ್ಮ ಇಲ್ಲಿಗೆ ಬಂದಾಗ ಗೋಡೆ ತಟ್ಟಿ, "ಇದೇನೋ, ಡಬ್ಬ ಬಡಿದ ಹಾಗಿದೆ" ಅಂದಿದ್ದರು. ಮರದ ಮನೆ ಕಟ್ಟುವುದು ತಪ್ಪಲ್ಲ. ಆದರೆ ಮನೆ ಹಗುರ ಆದಷ್ಟೂ ಕೂಡಿಕೆಗಳು ಗಟ್ಟಿ ಇರಬೇಕು. ಬಿರುಗಾಳಿ ಚಾವಣಿಯನ್ನು ಮೇಲಕ್ಕೆ ಎಳೆಯುತ್ತದೆ. ಗ್ಯಾರೇಜ್ ಬಾಗಿಲು ಮುರಿದರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದಲೂ ನೂಕುತ್ತದೆ. ಆಗ ಓರೆ ಮೊಳೆ ಸಡಿಲ ಹಲ್ಲಿನ ಹಾಗೆ ಕಿತ್ತು ಬರುತ್ತದೆ. ಚಾವಣಿ ಹೋದ ಮೇಲೆ ಗೋಡೆಯ ತಲೆಗೆ ಆಸರೆಯೇ ಇಲ್ಲ. ಅದೂ ಮಗುಚುತ್ತದೆ.

ಇಲ್ಲಿಂದ ಸುಮಾರು ಮೂರು ಗಂಟೆ ದೂರದಲ್ಲಿ ಓಕ್ಲಹೋಮಾದ ಮೂರ್ ನಗರವಿದೆ. 2013ರ ಮೇ 20ರಂದು ಅಲ್ಲಿ ಇಎಫ್-5 (ಸುಂಟರಗಾಳಿಯ ಬಲ ಹೇಳುವ ಇಎಫ್ ಮಾಪಕದ ಅತಿ ಮೇಲಿನ ಹಂತ) ಸುಂಟರಗಾಳಿಗೆ 24 ಜನ ಸತ್ತರು. ಮರುವರ್ಷವೇ ಆ ನಗರ ತನ್ನ ನಿಯಮ ಬದಲಿಸಿತು. ಹೊಸ ಮನೆಗಳು ಗಂಟೆಗೆ 90 ಮೈಲಿಯ ಬದಲು 135 ಮೈಲಿ ಗಾಳಿ ತಡೆಯಬೇಕು ಅಂದಿತು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ (ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು), ಹಾಗಾಗಿ ಇದು ಎರಡೂಕಾಲು ಪಟ್ಟು ಬಲ. ಅದಕ್ಕೆ ಬೇಕಾಗಿದ್ದು ಪಕಾಸನ್ನು ಗೋಡೆಗೆ ಬಿಗಿಯುವ ಲೋಹದ ಕ್ಲಿಪ್, ಸುಲಭವಾಗಿ ಕಿತ್ತು ಬರದ ಹಾಗೆ ಮೈಮೇಲೆ ಉಂಗುರದಂಥ ಗೆರೆಗಳಿರುವ ಮೊಳೆ, ಗಟ್ಟಿ ಗ್ಯಾರೇಜ್ ಬಾಗಿಲು, ಇಂಥವೇ.

ಇಎಫ್-5 ನೇರವಾಗಿ ಬಡಿದರೆ ಯಾವ ಕ್ಲಿಪ್ಪೂ ಉಳಿಸದು, ನಿಜ. ಆದರೆ ಬಹುಪಾಲು ಸುಂಟರಗಾಳಿಗಳು ಇಎಫ್-2 ಅಥವಾ ಅದಕ್ಕಿಂತ ಕಡಿಮೆ. ಇಎಫ್-2ರ ಮೇಲಿನ ಮಿತಿಯೇ 135 ಮೈಲಿ. 2015ರ ಕ್ರಿಸ್‌ಮಸ್ ಮರುದಿನ ಡಲ್ಲಾಸ್ ಪಕ್ಕದ ಗಾರ್ಲೆಂಡ್, ರೌಲೆಟ್‌ನಲ್ಲಿ ಸುಂಟರಗಾಳಿಯಿಂದ ಆದದ್ದನ್ನು ನಾವ್ಯಾರೂ ಮರೆತಿಲ್ಲ ಅಲ್ವಾ?

ಬೆಲೆ ಏರುತ್ತದೆ, ಬಿಲ್ಡರ್‌ಗಳು ಪಕ್ಕದೂರಿಗೆ ಹೋಗುತ್ತಾರೆ ಅಂತ ನಿಮಗೆ ಹೇಳುವವರಿದ್ದಾರೆ. ನಮ್ಮ ಟೆಕ್ಸಾಸ್‌ನದೇ ಶರ್ಮನ್ ಊರಿನ ಆಸ್ಟಿನ್ ಕಾಲೇಜಿನ ಅರ್ಥಶಾಸ್ತ್ರಜ್ಞ ಕೆವಿನ್ ಸಿಮನ್ಸ್ ಇದನ್ನೇ ಮೂರ್‌ನಲ್ಲಿ ಅಳೆದು ನೋಡಿದರು. ಹೊಸ ನಿಯಮದಿಂದ ಮನೆ ಮಾರಾಟಕ್ಕೆ ಪೆಟ್ಟು ಬಿದ್ದದ್ದು ಕಾಣಲಿಲ್ಲ.

ನನ್ನ ಮನೆಗೆ ಈಗ ಕ್ಲಿಪ್ ಹಾಕಿಸುತ್ತಿದ್ದೇನೆ. ಸೂರಿನಂಚು ಬಿಚ್ಚಬೇಕು, ಖರ್ಚು ಜಾಸ್ತಿ. ಕಟ್ಟುವಾಗಲೇ ಆಗಿದ್ದರೆ ಕ್ಲಿಪ್ಪಿಗೆ ಒಂದೆರಡು ಡಾಲರ್, ನಾಲ್ಕಾರು ಮೊಳೆ.

ಮೂರ್‌ನ ನಿಯಮವನ್ನು ನಗರಸಭೆಯ ಮುಂದೆ ತನ್ನಿ. ಒಳಗೋಡೆ ಮುಚ್ಚುವ ಮುಂಚೆ ಪ್ರತಿ ಕೂಡಿಕೆಯನ್ನೂ ತಪಾಸಣೆಯವರು ಕಣ್ಣಾರೆ ನೋಡುವ ಹಾಗೆ ಮಾಡಿ. ನಮ್ಮ ಬೀದಿಯ ಹಿಂದೆ ಹೊಸ ಮನೆಗಳ ಮರದ ಚೌಕಟ್ಟು ಎದ್ದಿದೆ, ಇನ್ನೂ ಮುಚ್ಚಿಲ್ಲ. ಈ ವಾರವೇ ಒಮ್ಮೆ ಬನ್ನಿ. ಏಣಿ, ಟಾರ್ಚು ನಾನು ತರುತ್ತೇನೆ.

ಇತಿ,
ನಿಮ್ಮ ಊರಿನ ಒಬ್ಬ ನಿವಾಸಿ