ಥೆರಪಿ ಸೆಂಟರ್ ತಪಾಸಣೆ ಮಾಡುವಾಗ ಅಪ್ಪ ಅಮ್ಮಂದಿರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಬೆಂಗಳೂರಲ್ಲಿ ಈಗ ವಿಕಲಚೇತನ ಮಕ್ಕಳಿಗೆ ಅಂತ ಏರಿಯಾಗೊಂದು ಥೆರಪಿ ಸೆಂಟರ್, ಸ್ಪೆಷಲ್ ಸ್ಕೂಲ್ ಶುರುವಾಗ್ತಿದೆ, ಒಳ್ಳೇದೇ, ಬೇಕಿತ್ತು. ಆದ್ರೆ ಯಾವುದು ಸರಿಯಾದ್ದು ಅಂತ ನಮ್ಮಂಥ ಪೋಷಕರು ತಿಳ್ಕೊಳ್ಳೋದು ಹೇಗೆ?

ನನ್ನ ಮಗಳಿಗೆ ಆಟಿಸಂ ಇದೆ. ಮೊದಲು ಸೇರಿಸಿದ್ದ ಸೆಂಟರ್‌ನಲ್ಲಿ ರಿಸೆಪ್ಷನ್ ಗೋಡೆ ಮೇಲೆ ಐಎಸ್‌ಒ 9001 ಸರ್ಟಿಫಿಕೇಟು, ಫ್ರೇಮ್ ಹಾಕ್ಸಿ ದೊಡ್ಡದಾಗಿ ಇಟ್ಟಿದ್ರು. ಅವಳ ಸೆಷನ್ ಬುಕ್ ತೆಗೆದು ನೋಡಿದ್ರೆ ದಿನಾ ಒಂದೇ ಸಾಲು, 'ಗುಡ್ ಸೆಷನ್, ಕೋಆಪರೇಟಿವ್', ಜ್ವರ ಬಂದು ಅವಳು ಮನೇಲೇ ಮಲಗಿದ್ದ ದಿನಕ್ಕೂ ಅದೇ ಸಾಲು, ಕೆಳಗೆ ಸೈನ್ ಬೇರೆ. ಐಎಸ್‌ಒ ಬೇಡ ಅಂತ ನಾನು ಹೇಳ್ತಿಲ್ಲ, ಆದ್ರೆ ಅದು ಸಂಸ್ಥೆ ನಡೆಸೋ ಪದ್ಧತಿ ನೋಡಿ ಕೊಡೋದು, ಸ್ಪೀಚ್ ಥೆರಪಿ ಮಾಡೋರು ಓದಿದ್ದಾರಾ, ಮಗು ಏನಾದ್ರೂ ಕಲೀತಿದ್ಯಾ ಅನ್ನೋದಕ್ಕೆ ಅದು ಗ್ಯಾರಂಟಿ ಅಲ್ಲ.

ಕಾನೂನು ಇಲ್ಲ ಅಂತೇನಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ನೋಂದಣಿ ಇಲ್ದೆ ಇಂಥ ಸಂಸ್ಥೆ ನಡೆಸೋ ಹಾಗಿಲ್ಲ, ನೋಂದಣಿ ಪತ್ರ ಎಲ್ಲರಿಗೂ ಕಾಣೋ ಜಾಗದಲ್ಲಿ ಹಾಕ್ಬೇಕು. ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್ ಆಗಿ ಕೆಲಸ ಮಾಡೋರಿಗೆ 1992ರ ಕಾಯ್ದೆ ಪ್ರಕಾರ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರ್ಲೇಬೇಕು. ಆ ನಂಬರ್ ಕೇಳಿದ್ದಕ್ಕೇ ನಮಗೆ 'ನಂಬಿಕೆ ಇಲ್ದಿದ್ರೆ ಬೇರೆ ಕಡೆ ನೋಡ್ಕೊಳಿ' ಅಂದ್ರು. ಬೇರೆ ಕಡೆ ವೇಟಿಂಗ್ ಲಿಸ್ಟ್ ಇರತ್ತೆ, ಇರೋ ಸ್ಲಾಟೂ ಹೋಗ್ಬಿಟ್ರೆ ಅನ್ನೋ ಭಯಕ್ಕೆ ಎಷ್ಟೋ ಪೋಷಕರು ಬಾಯಿ ಬಿಡಲ್ಲ.

ಆಸ್ಟ್ರೇಲಿಯಾದಲ್ಲಿ ವಿಕಲಚೇತನರಿಗೆ ಸೇವೆ ಕೊಡೋ ಸಂಸ್ಥೆಗಳ ಮೇಲೆ ಕಣ್ಣಿಡೋಕೇ ಅಂತ 2018ರಿಂದ ಒಂದು ಕಮಿಷನ್ ಇದೆ. ಅಲ್ಲಿ ಸರ್ಟಿಫಿಕೇಷನ್ ಆಡಿಟ್‌ಗೆ ಬಂದೋರು ಬರೀ ಫೈಲ್ ನೋಡಿ ಹೋಗಲ್ಲ, ಸೇವೆ ಪಡೆಯೋರ ಹತ್ರನೂ ಮಾತಾಡ್ತಾರೆ, ಯಾರ ಮೇಲೆ ಕ್ರಮ ಆಗಿದೆ ಅನ್ನೋದನ್ನ ವೆಬ್‌ಸೈಟಲ್ಲೇ ಹಾಕ್ತಾರೆ. ಅಲ್ಲೂ ದೂರುಗಳಿವೆ, ಆದ್ರೂ ಈ ಎರಡು ಪದ್ಧತಿ ನಮಗೂ ಬೇಕು.

ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ನನ್ನ ಮನವಿ ಇಷ್ಟೇ. ನೋಂದಣಿ ಆಗಿರೋ ಸೆಂಟರ್‌ಗಳ ಪಟ್ಟಿ ಏರಿಯಾವಾರು ಕನ್ನಡದಲ್ಲಿ ಆನ್‌ಲೈನ್ ಹಾಕಿ, ನೋಂದಣಿ ಎಲ್ಲಿವರೆಗೆ ಇದೆ, ಥೆರಪಿಸ್ಟ್‌ಗಳ ಆರ್‌ಸಿಐ ನಂಬರ್ ಏನು ಅಂತ ಅದ್ರಲ್ಲೇ ಇರ್ಲಿ. ತಪಾಸಣೆಗೆ ಮುಂಚೆ ಹೇಳದೇ ಬನ್ನಿ, ಸಂಸ್ಥೆಯೋರನ್ನ ಪಕ್ಕಕ್ಕಿಟ್ಟು ಪೋಷಕರನ್ನ ಕೇಳಿ, ಮಾತು ಬರೋ ಮಕ್ಕಳನ್ನ ಕೇಳಿ, ಮಾತು ಬಾರದ ಮಕ್ಕಳ ಜೊತೆ ಒಂದು ಸೆಷನ್ ಪೂರ್ತಿ ಕೂತು ನೋಡಿ. ಪ್ರಾಮಾಣಿಕವಾಗಿ ನಡೆಸ್ತಿರೋ ಸಣ್ಣ ಸೆಂಟರ್‌ಗಳೂ ಬೇಕಾದಷ್ಟಿವೆ, ಅವ್ರ ಮೇಲೆ ಫೀಸು, ಪೇಪರ್ ಕೆಲಸದ ಹೊರೆ ಹಾಕ್ಬೇಡಿ. ದೂರು ಕೊಟ್ಟ ಪೋಷಕರ ಹೆಸರು ಮಾತ್ರ ಸೆಂಟರ್‌ನೋರಿಗೆ ಯಾವತ್ತೂ ಗೊತ್ತಾಗಬಾರದು.

– ಒಬ್ಬ ತಾಯಿ, ವಿಜಯನಗರ, ಬೆಂಗಳೂರು